ಎಣಿಸಿದ್ಯಾ ಎಂದು ಕೇಳುತ್ತಿದ್ದವರು

ಅವರ ಬಲಗೈಯ ಹೆಬ್ಬೆರಳು ಸುಮ್ಮನಿದ್ದುದನ್ನು ನಾನು ನೋಡಿದ್ದು ಎರಡೇ ಸಲ. ಮಾತಾಡುವಾಗ, ಕಾಫಿ ಕುಡಿಯುವಾಗ, ಮೆಟ್ರೊಗೆ ಕಾದು ನಿಂತಾಗ ಅದು ಉಳಿದ ಬೆರಳುಗಳ ಗೆಣ್ಣುಗಳನ್ನು ಒಂದೊಂದಾಗಿ ಹತ್ತಿ ಇಳಿಯುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಜಪ ಮಾಡುತ್ತಾರೆ ಎಂದುಕೊಂಡಿದ್ದೆ. ಎಣಿಸುತ್ತಿದ್ದರು, ಅಷ್ಟೇ.

ಇಂದಿರಾನಗರದ ಒಂದು ಹಳೆಯ ಬಂಗಲೆಯಲ್ಲಿ ನಮ್ಮ ಆಫೀಸು. ಸಣ್ಣ ನರ್ಸಿಂಗ್ ಹೋಮ್‌ಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ಅವರು ಡೇಟಾಬೇಸ್ ನೋಡಿಕೊಳ್ಳುವ ಮೇಡಂ. ಗದಗಿನಿಂದ ಬಂದ ನಾನು ಅವರ ಕೈಕೆಳಗೆ. ಡೇಟಾಬೇಸಿನಿಂದ ಮಾಹಿತಿ ತೆಗೆಯಲು ಯಾರು ಯಾವ ಕ್ವೆರಿ ಬರೆದರೂ ಅವರದು ಒಂದೇ ಪ್ರಶ್ನೆ: "ಎಣಿಸಿದ್ಯಾ?" ಒಳಗೆ ಎಷ್ಟು ದಾಖಲೆ ಹೋಯಿತು, ಹೊರಗೆ ಎಷ್ಟು ಬಂತು, ಅದರಲ್ಲಿ ಖಾಲಿ ಎಷ್ಟು ಎಂದು ಚೀಟಿಯಲ್ಲಿ ಬರೆದು ಅವರ ಮೇಜಿನ ಮೇಲಿಡಬೇಕು.

ಈ ಗೀಳು ಅವರಿಗೆ ಅಪ್ಪನಿಂದ ಬಂದದ್ದು. ಮೇಡಂ ವಿಮಾನಪುರದಲ್ಲಿ ಬೆಳೆದವರು, ತಂದೆ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. "ಸಂಜೆ ಟೂಲ್ಸ್ ಎಲ್ಲಾ ಎಣಿಸಿ ಇಡ್ಬೇಕಿತ್ತಂತೆ. ಒಂದ್ ಸ್ಪ್ಯಾನರ್ ಕಮ್ಮಿ ಬಂದ್ರೂ ಯಾರೂ ಮನೆಗ್ ಹೋಗೋ ಹಾಗಿಲ್ಲ. ಯಾಕ್ ಹೇಳು? ಅದು ವಿಮಾನದ ಒಳಗೇ ಉಳ್ಕೊಂಡಿರ್ಬಹುದು," ಎನ್ನುತ್ತಿದ್ದರು. ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಎದುರಿಗೆ ನಗುವ ಧೈರ್ಯ ಯಾರಿಗಿತ್ತು? ನಾನಂತೂ ಅವರ ಚಪ್ಪಲಿಯ ಸದ್ದಿಗೇ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ.

ಸೇರಿದ ವರ್ಷವೇ ನನಗೊಂದು ಕೆಲಸ ಬಂತು. ರೋಗಿ ದಾಖಲಾಗುವಾಗ ತುಂಬಿಸುವ ಫಾರಂ ನಮ್ಮಲ್ಲಿ ಜೇಸನ್ ರೂಪದಲ್ಲಿ ಉಳಿಯುತ್ತಿತ್ತು. ವಯಸ್ಸು, ಕಾಯಿಲೆ, ಅಲರ್ಜಿ, ಎಲ್ಲಕ್ಕೂ ಹೆಸರು ಬರೆದು ಒಂದೇ ಗಂಟು ಕಟ್ಟಿದ ಹಾಗೆ. ಆ ಗಂಟಿನಿಂದ ಬೇಕಾದ್ದನ್ನಷ್ಟೇ ಎತ್ತಿಕೊಡುವ ಫಂಕ್ಷನ್ ಡೇಟಾಬೇಸಿನಲ್ಲೇ ಇದೆ. ಅದರಿಂದ ಅಲರ್ಜಿಯನ್ನು ತೆಗೆದು, ಕೇಸ್ ಶೀಟಿಗೆ ಅಂಟಿಸುವ ಸ್ಲಿಪ್ಪಿನಲ್ಲಿ ಮುದ್ರಿಸಬೇಕು. ಏನೂ ಸಿಗದಿದ್ದರೆ "ಅಲರ್ಜಿ ಇಲ್ಲ" ಎಂದು ಬರುವಂತೆ ಮಾಡಿದೆ. ಹತ್ತು ರೋಗಿಗಳ ಮೇಲೆ ಓಡಿಸಿದೆ, ಚೆನ್ನಾಗಿಯೇ ಬಂತು.

"ಎಣಿಸಿದ್ಯಾ?"

"ಹೂಂ ಮೇಡಂ, ಎಣಿಸ್ದೆ."

ಎಣಿಸಿರಲಿಲ್ಲ. ಚೀಟಿಯಲ್ಲಿ ತೋಚಿದ ಸಂಖ್ಯೆ ಬರೆದಿಟ್ಟಿದ್ದೆ. ಅಂದೇ ಎಲ್ಲ ನರ್ಸಿಂಗ್ ಹೋಮ್‌ಗಳಲ್ಲೂ ಸ್ಲಿಪ್ಪು ಬಳಕೆಗೆ ಬಂತು.

ಮೂರನೆಯ ದಿನ ಬೆಳಗ್ಗೆ ಅವರು ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಕೈಯಲ್ಲಿ ನನ್ನ ಚೀಟಿ. ಹೆಬ್ಬೆರಳು ಅಲ್ಲಾಡುತ್ತಿರಲಿಲ್ಲ.

"ಖಾಲಿ ಎಷ್ಟಿದೆ ಅಂತ ನಾನೂ ಎಣಿಸ್ದೆ. ನೀನು ಬರೆದಿರೋದಕ್ಕಿಂತ ತುಂಬಾ ಜಾಸ್ತಿ ಇದೆ. ಒಂದ್ ಫಾರಂ ತೆಗಿ, ನೋಡೋಣ."

ತೆಗೆದೆ. ಒಂದೇ ಅಲರ್ಜಿ ಇದ್ದವರದು ಒಂಟಿ ಪದವಾಗಿತ್ತು. ಎರಡು ಮೂರು ಇದ್ದವರದು ಪಟ್ಟಿಯಾಗಿತ್ತು. ನಾನು ಬಳಸಿದ ಫಂಕ್ಷನ್ ಒಂಟಿ ಪದವನ್ನಷ್ಟೇ ಎತ್ತುತ್ತದೆ. ಪಟ್ಟಿ ಸಿಕ್ಕರೆ ತಪ್ಪೆಂದು ಕೂಗುವುದೂ ಇಲ್ಲ, ಸುಮ್ಮನೆ ಖಾಲಿ ಕೈ ತೋರಿಸುತ್ತದೆ. ಆ ಖಾಲಿ ಜಾಗದಲ್ಲಿ ನಾನು "ಅಲರ್ಜಿ ಇಲ್ಲ" ಎಂದು ಮುದ್ರಿಸಿದ್ದೆ. ಯಾರಿಗೆ ಹೆಚ್ಚು ಅಪಾಯವೋ ಅವರ ಸ್ಲಿಪ್ಪೇ ಸುಳ್ಳು.

ಈ ನಿಮಿಷವೇ ಯಾರದೋ ತೋಳಿಗೆ ಸೂಜಿ ಇಳಿಯುತ್ತಿರಬಹುದು. "ಮೇಡಂ, ನಾನು ಎಣಿಸಿರ್ಲಿಲ್ಲ," ಎಂದೆ.

"ಗೊತ್ತಾಯ್ತು. ಅಳೋದು ಆಮೇಲೆ. ಪಟ್ಟಿ ಇರೋರ ಹೆಸ್ರೆಲ್ಲಾ ತೆಗಿ, ನಾನು ಫೋನ್ ಮಾಡ್ತೀನಿ."

ಒಬ್ಬ ಸಿಸ್ಟರಿಗೆ ತಮಿಳಿನಲ್ಲಿ, ಇನ್ನೊಬ್ಬರಿಗೆ ಉರ್ದುವಿನಲ್ಲಿ, ಎಲ್ಲರಿಗೂ ಒಂದೇ ಮಾತು ಹೇಳಿದರು. ನಾಲ್ಕನೆಯ ಫೋನು ಹಲಸೂರಿಗೆ. "ಸಿಸ್ಟರ್, ನಮ್ಮ ಸ್ಲಿಪ್ ನಂಬ್ಬೇಡಿ. ತಪ್ಪು ನಮ್ದೇ. ಪೇಷಂಟನ್ನ ಕೇಳ್ಬಿಡಿ." ಆ ಸಿಸ್ಟರ್ "ಇರಿ" ಎಂದು ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಸ್ಪೀಕರಿನಲ್ಲಿ ಅಲ್ಲಿಯ ಫ್ಯಾನಿನ ಸದ್ದು ಮಾತ್ರ. ಆಗ ನೋಡಿದೆ, ಮೇಡಂ ಹೆಬ್ಬೆರಳು ಎಣಿಕೆ ತಪ್ಪಿ ಮತ್ತೆ ಮತ್ತೆ ಮೊದಲ ಗೆಣ್ಣಿಗೇ ಮರಳುತ್ತಿತ್ತು. ಅವರಿಗೂ ಹೆದರಿಕೆ ಇದೆ ಎಂದು ತಿಳಿದು ನನ್ನ ಹೆದರಿಕೆ ಇಮ್ಮಡಿಯಾಯಿತು.

"ಕೇಳಿದೆ ಮೇಡಂ," ಸಿಸ್ಟರ್ ವಾಪಸ್ಸು ಬಂದರು. "ಪೆನಿಸಿಲಿನ್ ಆಗಲ್ವಂತೆ. ಇಂಜೆಕ್ಷನ್ ಟ್ರೇನಲ್ಲಿ ರೆಡಿ ಇತ್ತು. ತೆಗೆಸ್ಬಿಟ್ಟೆ."

ಮೇಡಂ ಒಂದು ಕ್ಷಣ ಕಣ್ಣು ಮುಚ್ಚಿ, ಮುಂದಿನ ನಂಬರ್ ಒತ್ತಿದರು.

ಎಲ್ಲ ಮುಗಿದ ಮೇಲೆ ನನ್ನನ್ನು ಕರೆದುಕೊಂಡೇ ಮ್ಯಾನೇಜರ್ ಹತ್ತಿರ ಹೋದರು. ಸುಳ್ಳು ಚೀಟಿ ತೋರಿಸಿದರು. "ಇವಳು ಎಣಿಸ್ಲಿಲ್ಲ. ನಾನು ಮೂರು ದಿನ ನೋಡ್ಲಿಲ್ಲ," ಎಂದರು. ಹೊರಗೆ ಬಂದು, "ನಂಗೆ ದಿನಾ ಹೆದ್ರಿಕೆನೇ ಕಣಮ್ಮಾ, ಅದಕ್ಕೇ ಎಣಿಸೋದು. ಖಾಲಿ ಬಂದ್ರೆ ನಮಗೆ ಸಿಗ್ಲಿಲ್ಲ ಅಂತ ಅಷ್ಟೇ," ಎಂದರು. ಕ್ವೆರಿ ತಿದ್ದುವಾಗ "ಅಲರ್ಜಿ ಇಲ್ಲ" ಎಂಬುದನ್ನು ಅಳಿಸಿ ಹೀಗೆ ಬರೆಸಿದರು: "ದಾಖಲೆ ಸಿಕ್ಕಿಲ್ಲ. ರೋಗಿಯನ್ನು ಕೇಳಿ."

ಆರು ವರ್ಷ ಅವರ ಪಕ್ಕದಲ್ಲಿ ಕೆಲಸ ಮಾಡಿದೆ. ಕಳೆದ ವರ್ಷ ಒಂದು ಮಧ್ಯಾಹ್ನ ಅವರು ಕುರ್ಚಿಯಿಂದ ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ. ಹತ್ತಿರದ ನರ್ಸಿಂಗ್ ಹೋಮಿಗೆ ಒಯ್ದೆವು. ಅಲ್ಲಿಯೂ ನಮ್ಮದೇ ಸಾಫ್ಟ್‌ವೇರ್. ಸ್ಲಿಪ್ಪಿನಲ್ಲಿ ಅದೇ ಸಾಲು ಬಂತು. ರೋಗಿಗೆ ಮಾತಿರಲಿಲ್ಲ. ಸಿಸ್ಟರ್ ನನ್ನತ್ತ ತಿರುಗಿ, "ಅಲರ್ಜಿ ಏನಾದ್ರೂ ಇದ್ಯಾ ಇವ್ರಿಗೆ?" ಎಂದು ಕೇಳಿದರು.

ದಿನವೂ ಜೊತೆಗೆ ಊಟ ಮಾಡಿದವಳು ನಾನು. ಡಾಕ್ಟರು ಕಾಯುತ್ತಿದ್ದರು. "ಇಲ್ಲ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಗೊತ್ತಿಲ್ಲ ಸಿಸ್ಟರ್. ಒಂದ್ನಿಮಿಷ, ಅವ್ರ ತಂಗಿನ ಕೇಳ್ತೀನಿ," ಎಂದು ಫೋನ್ ಮಾಡಿದೆ. ತಂಗಿ ಅವರಿಗೆ ಆಗದ ಎರಡು ಔಷಧಿಗಳ ಹೆಸರು ಹೇಳಿದರು.

ಆದರೂ ಮೇಡಂ ಉಳಿಯಲಿಲ್ಲ. ಮೂರನೆಯ ದಿನ ಹೋಗಿಬಿಟ್ಟರು. ಹಿಂದಿನ ಸಂಜೆ ಅವರ ಬಲಗೈ ಹಿಡಿದು ಕೂತಿದ್ದೆ, ಹೆಬ್ಬೆರಳು ಸುಮ್ಮನಿತ್ತು. ಈಗ ಕ್ವೆರಿ ಓಡಿಸುವಾಗಲೆಲ್ಲ ನನ್ನ ಹೆಬ್ಬೆರಳು ಗೆಣ್ಣುಗಳನ್ನು ಹತ್ತುತ್ತದೆ. ಹೊಸ ಹುಡುಗಿಯರು ನಾನು ಜಪ ಮಾಡುತ್ತೇನೆ ಎಂದುಕೊಂಡಿದ್ದಾರೆ.