ನಾಲ್ಕಡಿ ಜಾಗಕ್ಕೊಂದು ಹುಲ್ಲು ಕತ್ತರಿಸುವ ಯಂತ್ರ

ಅಂಗಡಿಯವನು ಕೇಳಿದ ಮೊದಲನೆಯ ಪ್ರಶ್ನೆಗೇ ನಾನು ಸುಳ್ಳು ಹೇಳಿದೆ. ಬ್ಯಾಂಕಿನಲ್ಲಿ ಇಡೀ ಆಯುಷ್ಯ ಕೂತು ಬೇರೆಯವರ ಸಹಿ ಖರೆಯೋ ಖೊಟ್ಟಿಯೋ ಎಂದು ಕನ್ನಡಕ ಏರಿಸಿ ನೋಡಿದ ಮನುಷ್ಯ, ಹುಲ್ಲು ಕತ್ತರಿಸುವ ಯಂತ್ರದ ಅಂಗಡಿಯಲ್ಲಿ ನಿಂತು ಸುಳ್ಳಾಡುವುದೆಂದರೆ ನಾಚಿಕೆಗೇಡು. ಆದರೆ ಪ್ರಶ್ನೆಯೇ ಹಾಗಿತ್ತು. “ಜಾಗಾ ಕಿತೀ ಆಹೇ, ಕಾಕಾ?” ಎಂದ. ಜಾಗ ಎಷ್ಟಿದೆ?

ನಾಸಿಕ್ ರೋಡ್ ಸ್ಟೇಷನ್ನಿನ ಹತ್ತಿರದ ಅಂಗಡಿ ಅದು. ದ್ರಾಕ್ಷಿ ತೋಟದವರು, ಈರುಳ್ಳಿ ಬೆಳೆಯುವವರು ಬಂದು ಪಂಪು, ಪೈಪು ಒಯ್ಯುವ ಜಾಗ. ಅಲ್ಲಿ ಎಲ್ಲರೂ ಎಕರೆಯ ಭಾಷೆಯಲ್ಲೇ ಮಾತಾಡುತ್ತಾರೆ. ನನ್ನ ಮುಂದೆ ನಿಂತವರು ಐದು ಎಕರೆ ಅಂದರು, ಅವರ ಹಿಂದಿನವರು ಎಂಟು ಅಂದರು. ನನ್ನ ಸರದಿ ಬಂದಾಗ ನಾಲಿಗೆಯ ತುದಿಗೆ ಬಂದ ನಿಜವೆಂದರೆ ನಾಲ್ಕಡಿ ಉದ್ದ, ನಾಲ್ಕಡಿ ಅಗಲ. ಅದನ್ನು ನುಂಗಿಕೊಂಡು, ಮನೆಯ ಹಿಂದೆ ಸಣ್ಣದೊಂದು ಬಾಗ್, ಕೈತೋಟ, ಇದೆ ಅಂದುಬಿಟ್ಟೆ. ನಾನಿರುವುದು ಮೂರನೆಯ ಮಹಡಿಯಲ್ಲಿ. ನನ್ನ ಮನೆಯ ಹಿಂದೆ ಇರುವುದು ಪಕ್ಕದ ಕಟ್ಟಡದವರ ಒಣಗಿದ ಬಟ್ಟೆ ಮಾತ್ರ.

ಆ ನಾಲ್ಕಡಿ ಇರುವುದು ಛತ್ರಪತಿ ಸಂಭಾಜಿನಗರದಲ್ಲಿ, ನಮ್ಮ ಜನರ ರುದ್ರಭೂಮಿಯಲ್ಲಿ. ಅಲ್ಲಿ ನನ್ನ ಹೆಂಡತಿ ಶಾಂತಾ ಇದ್ದಾಳೆ. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತೇವೆ. ಅದಕ್ಕೇ ಆರಡಿ ಬೇಡ, ನಾಲ್ಕಡಿ ಸಾಕು. ಅಲ್ಲಿ ಕರೆಂಟಿನ ಪ್ಲಗ್ ಇಲ್ಲ, ಆದ್ದರಿಂದ ಪೆಟ್ರೋಲಿನ ಯಂತ್ರವೇ ಆಗಬೇಕು. ಇಷ್ಟನ್ನು ಒಬ್ಬ ಅಪರಿಚಿತನಿಗೆ, ಹಿಂದೆ ನಾಲ್ಕು ಜನ ಕಾಯುತ್ತಿರುವಾಗ, ಹೇಗೆ ಹೇಳಲಿ ನೀವೇ ಹೇಳಿ.

ವರ್ಗಾವಣೆಯ ನೌಕರಿ ಮಾಡಿದವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಅದಕ್ಕೆ ಮದ್ದಿಲ್ಲ. ಗದಗ ಬಿಟ್ಟು ಮಹಾರಾಷ್ಟ್ರಕ್ಕೆ ಬಂದ ಮೇಲೆ ನಾನು ಯಾವ ಮನೆಯ ಗೋಡೆಗೂ ಒಂದು ಮೊಳೆ ಹೊಡೆದವನಲ್ಲ. ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ದಾರ ಕಟ್ಟಿ ತೂಗಹಾಕಿದೆ. ಕಪಾಟು ಕೊಂಡರೆ ಬಿಚ್ಚಿ ಮಡಚುವಂಥದ್ದು. ನೆರೆಯವರ ಹೆಸರು ಕೇಳುವ ಮೊದಲೇ, ಇನ್ನು ಎರಡು ವರ್ಷಕ್ಕೆ ಬಿಟ್ಟು ಹೋಗುವವರು ನಾವು, ಇವರ ಹೆಸರು ನಮಗ್ಯಾಕೆ ಅಂತ ಸುಮ್ಮನಾಗುತ್ತಿದ್ದೆ. ಇದನ್ನು ನಾನು ವೈರಾಗ್ಯ ಅಂದುಕೊಂಡಿದ್ದೆ. ಬರೀ ಸೋಮಾರಿತನ ಅಂತ ಶಾಂತಾ ಅನ್ನುತ್ತಿದ್ದಳು.

ಅವಳಿಗೆ ಗಿಡದ ಹುಚ್ಚು. ಕ್ವಾರ್ಟರ್ಸಿನ ಮುಂದೆ ಅಂಗೈಯಗಲ ನೆಲ ಕಂಡರೂ, “ಏನ್ರೀ, ಇಲ್ಲಿ ಒಂದ್ ಮಲ್ಲಿಗಿ ಹಚ್ಲೇನ್ರಿ?” ಅನ್ನುವಳು. “ಹಚ್ಚಿ ಏನ್ ಮಾಡ್ತಿ? ನಾಳೆ ಟ್ರಾನ್ಸ್‌ಫರ್ ಬರ್ತದ” ಅನ್ನುವೆ. “ಬಂದ್ರ ಬರ್ಲಿ. ಮುಂದ ಬಂದಾಕಿ ಮುಡಕೋತಾಳ” ಅನ್ನುವಳು. ನಾನು ಒಪ್ಪುತ್ತಿರಲಿಲ್ಲ. ಕಡೆಗೆ ಒಂದು ರಾಜಿ ಆಯಿತು. ಎಣ್ಣೆಯ ಚೌಕ ಡಬ್ಬಿಯನ್ನು ಅರ್ಧಕ್ಕೆ ಕೊಯಿಸಿ, ತಳಕ್ಕೆ ತೂತು ಹೊಡೆಸಿ, ಅದರಲ್ಲಿ ದುಂಡುಮಲ್ಲಿಗೆ ಇಟ್ಟಳು. ಆ ಡಬ್ಬಿ ನಮ್ಮ ಜೊತೆ ಮೂರು ಊರು ತಿರುಗಿತು. ಲಾರಿಯಲ್ಲಿ ಸಾಮಾನಿನ ಜೊತೆ ಹಾಕಲು ಬಿಡದೆ ಬಸ್ಸಿನಲ್ಲಿ ಕಾಲಡಿ ಇಟ್ಟುಕೊಂಡು ಬರುತ್ತಿದ್ದಳು. ಹೂ ಬಿಟ್ಟ ದಿನ ಓಣಿಯ ಹೆಂಗಸರಿಗೆಲ್ಲ ಹಂಚುವಳು. ಹೀಗಾಗಿ ಎಲ್ಲಿ ಹೋದರೂ ನಮಗೆ ನೆರೆಹೊರೆ ಅಂತ ಇದ್ದದ್ದು ಅವಳದು, ನನ್ನದಲ್ಲ.

ಒಂಬತ್ತು ವರ್ಷದ ಹಿಂದೆ ಸಂಭಾಜಿನಗರದಲ್ಲಿ ಅವಳು ತೀರಿಕೊಂಡಳು. ನೆಲದಲ್ಲಿ ಏನನ್ನೂ ಊರುವುದಿಲ್ಲ ಅಂತ ಹಟ ಹಿಡಿದ ನಾನು ಮೊದಲ ಸಲ ಊರಿದ್ದು ಅವಳನ್ನೇ. ಕಲ್ಲು ನಿಲ್ಲಿಸಿ ಹೆಸರು ಕೆತ್ತಿಸಿ ಅಂದರು. ಧಾರವಾಡದ ಕಡೆ ವರ್ಗ ಆಗುವುದಿತ್ತು. ಆಮೇಲೆ ನಿಧಾನಕ್ಕೆ ಮಾಡಿಸೋಣ ಅಂದೆ. ಅಲ್ಲಿಯವರೆಗೆ ಗುರುತಿಗೆ ಅಂತ ಅವಳ ಮಲ್ಲಿಗೆಯನ್ನು ಆ ಜಾಗದ ನಡುವೆ ಇಟ್ಟೆ. ಆಗಲೂ ನನ್ನ ಬುದ್ಧಿ ನೋಡಿ: ಗಿಡವನ್ನು ಡಬ್ಬಿಯಿಂದ ಬಿಡಿಸಲಿಲ್ಲ, ಡಬ್ಬಿಯ ಸಮೇತ ಹೂತೆ. ವರ್ಗದ ಆರ್ಡರ್ ಬಂದರೆ ಎತ್ತಿಕೊಂಡು ಹೋಗಲು ಅನುಕೂಲ ಅಂತ! ಆರ್ಡರ್ ಬಂದದ್ದು ಧಾರವಾಡಕ್ಕಲ್ಲ, ನಾಸಿಕಕ್ಕೆ. ಹೊರಡುವ ಮುನ್ನಾ ದಿನ ಹೋಗಿ ಡಬ್ಬಿಯನ್ನು ಎರಡೂ ಕೈಯಿಂದ ಎಳೆದೆ. ಬರಲಿಲ್ಲ. ತೂತುಗಳೊಳಗಿಂದ ಬೇರು ಕೆಳಗಿಳಿದುಬಿಟ್ಟಿತ್ತು. ಮಣ್ಣು ಸರಿಮಾಡಿ ಬಂದೆ.

ಆಮೇಲೆ ಪ್ರತಿ ವರ್ಷ ದೀಪಾವಳಿಯ ಹಿಂದಿನ ವಾರ ಹೋಗಿ ಕುಡುಗೋಲಿನಿಂದ ಹುಲ್ಲು ಕೊಯ್ದು ಬರುತ್ತಿದ್ದೆ. ಎರಡು ವರ್ಷದ ಹಿಂದೆ ಮೊಣಕಾಲಿನ ಆಪರೇಷನ್ ಆಗಿ ಹೋಗಲಾಗಲಿಲ್ಲ. ಅಲ್ಲಿಯ ಕಾವಲುಗಾರ ಸಖಾರಾಮ ಕಾಕಾ ಒಳ್ಳೆಯವರು. ಪಾಪ, ಸ್ವಚ್ಛವಾಗಿರಲಿ ಅಂತ ಯಾರನ್ನೋ ಕರೆಸಿ, ಕಬ್ಬಿಣದ ಬ್ಲೇಡಿನ ಯಂತ್ರದಿಂದ ಇಡೀ ಬಯಲನ್ನು ಬೋಳಿಸಿದರು. ಬ್ಲೇಡಿಗೆ ಹುಲ್ಲೂ ಒಂದೇ ಮಲ್ಲಿಗೆಯೂ ಒಂದೇ. ಹೋದ ವರ್ಷ ಮಗಳು ವೀಣಾಳ ಜೊತೆ ಹೋದಾಗ ಎಲ್ಲಾ ಕಡೆ ಗಾಜರ ಗವತ, ಅಂದರೆ ನಮ್ಮ ಕಡೆಯ ಪಾರ್ಥೇನಿಯಂ ಕಳೆ, ಮೊಣಕಾಲೆತ್ತರ ಚಿಗುರಿತ್ತು. ಬೇವಿನ ಮರದಿಂದ ಎಂಟು ಹೆಜ್ಜೆ ಅಂತ ಲೆಕ್ಕ ಇಟ್ಟಿದ್ದೆ. ಬೇವಿನ ಮರವನ್ನೂ ಕಡಿದಿದ್ದರು. ಮಗಳು ಹೂವಿನ ಪೊಟ್ಟಣ ಹಿಡಿದು ನಿಂತಿದ್ದಳು. ನಾನು ಒಂದು ಜಾಗ ತೋರಿಸಿ, “ಇಲ್ಲೇ” ಅಂದೆ. ಅವಳು ಹೂ ಇಟ್ಟು ಅತ್ತಳು. ಆ ಹೂ ಯಾರಿಗೆ ಸಂದಿತೋ ಶಿವನೇ ಬಲ್ಲ.

ಈ ಸಲ ಮಳೆಗಾಲದಲ್ಲಿ ಸಖಾರಾಮ ಕಾಕಾ ಫೋನು ಮಾಡಿದರು. ಗುರುತಿಲ್ಲದ ಜಾಗಗಳನ್ನೆಲ್ಲ ದೀಪಾವಳಿಯ ನಂತರ ಸಮತಟ್ಟು ಮಾಡುವುದಾಗಿ ಅಲ್ಲಿಯ ಹಿರಿಯರು ತೀರ್ಮಾನಿಸಿದ್ದಾರಂತೆ. ಅವರದೇನೂ ತಪ್ಪಿಲ್ಲ, ಹೊಸಬರಿಗೂ ಜಾಗ ಬೇಕು. ಆದರೆ ಅಷ್ಟರೊಳಗೆ ಶಾಂತಾಳ ನಾಲ್ಕಡಿ ನನಗೆ ಸಿಗದಿದ್ದರೆ ಇನ್ನೆಂದೂ ಸಿಗುವುದಿಲ್ಲ.

ಗಾಜರ ಗವತವನ್ನು ಕೈಯಿಂದ ಕಿತ್ತರೆ ನನಗೆ ಮೈಯೆಲ್ಲಾ ಕಡಿತ, ಬೊಕ್ಕೆ. ಡಾಕ್ಟರು ಕಣ್ಣು ಕೆಂಪಗೆ ಮಾಡಿ, ಮುಟ್ಟಬೇಡಿ ಅಂದಿದ್ದಾರೆ. ಹಾಗಾಗಿ ಯಂತ್ರ. ಇನ್ನು ಯಂತ್ರದ ಪುರಾಣ ಕೇಳಿ. ಬೆನ್ನಿಗೆ ಹೊರುವಂಥದ್ದಿದೆ, ಹೆಗಲಿಗೆ ತೂಗುಹಾಕುವಂಥದ್ದಿದೆ. ಫೋರ್ ಸ್ಟ್ರೋಕ್ ಇಂಜಿನ್ ಶಾಂತ, ಆದರೆ ಭಾರ ಮತ್ತು ದುಬಾರಿ. ಟೂ ಸ್ಟ್ರೋಕ್ ಅಗ್ಗ, ಹಗುರ. ಆದರೆ ಗಲಾಟೆ ಬಹಳ, ಮೇಲಾಗಿ ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕು. ಪಿಂಚಣಿದಾರನ ಮೊಣಕಾಲಿಗೂ ಜೇಬಿಗೂ ಹೆಗಲಿನ ಟೂ ಸ್ಟ್ರೋಕೇ ಸರಿ ಅಂತ ಆರಿಸಿದೆ. ಅಂಗಡಿಯವನು ಮೂರು ಹಲ್ಲಿನ ಬ್ಲೇಡು ಹಾಕಲು ಹೋದ. ಬ್ಲೇಡು ಬೇಡ, ದಾರ ಹಾಕು ಅಂದೆ.

ಆ ದಾರದ ಬಗ್ಗೆ ಒಂದು ಮಾತು. ಮನುಷ್ಯ ಹುಲ್ಲಿನ ಮೇಲೆ ಎಷ್ಟು ಕಾಲದಿಂದ ಕಬ್ಬಿಣ ಎತ್ತಿದ್ದಾನೋ ಏನೋ. ಕುಡುಗೋಲು, ಕುರ್ಪಿ, ಗುದ್ದಲಿ ಎಲ್ಲಾ ಆಯಿತು. ಅದೇ ಹುಲ್ಲಿನ ಇಪ್ಪತ್ತೊಂದು ಎಸಳು ಗರಿಕೆ ಆರಿಸಿ ಗಣಪತಿಗೂ ಏರಿಸುತ್ತಾನೆ. ಈ ಎರಡರ ನಡುವೆ ಹುಟ್ಟಿದ್ದು ನೈಲಾನಿನ ದಾರ. ನಿಂತಾಗ ಸತ್ತ ಎರೆಹುಳದ ಹಾಗೆ ಜೋತುಬಿದ್ದಿರುತ್ತದೆ. ಇಂಜಿನ್ ತಿರುಗಿತೋ, ಸೆಟೆದು ನಿಂತು ಹುಲ್ಲನ್ನು ಹೊಡೆದು ಮಲಗಿಸುತ್ತದೆ. ಆದರೆ ಬಲಿತು ಕಟ್ಟಿಗೆಯಾದ ಕಾಂಡ ಎದುರಾದರೆ ಅದನ್ನು ಕಡಿಯಲಾರದು, ತಾನೇ ಸವೆಯುತ್ತದೆ. ಮಲ್ಲಿಗೆಯ ಬುಡವೇನಾದರೂ ಉಳಿದಿದ್ದರೆ ಈ ದಾರ ಅದನ್ನು ಬಿಟ್ಟು ಹೋಗುತ್ತದೆ ಎಂಬ ಆಸೆಯಿಂದ ಆ ಯಂತ್ರ ಕೊಂಡೆ. “ನಿಮ್ಮ ಬಾಗಿಗೆ ಇದು ಹತ್ತು ನಿಮಿಷದ ಕೆಲಸ, ಕಾಕಾ” ಎಂದು ಅಂಗಡಿಯವನು ಮರಾಠಿಯಲ್ಲಿ ಸಮಾಧಾನ ಹೇಳಿದ.

ವೀಣಾ ಇಲ್ಲೇ ಶಾಲೆಯೊಂದರಲ್ಲಿ ಟೀಚರು. ರಜೆ ಹಾಕಿ ಜೊತೆಗೆ ಬಂದಳು. ಬಸ್ಸಿನ ಕಂಡಕ್ಟರು ಯಂತ್ರವನ್ನು ಮೇಲಿನಿಂದ ಕೆಳಗೆ ನೋಡಿ, “ಟಾಕೀತ ಪೆಟ್ರೋಲ್ ಆಹೇ ಕಾ?” ಅಂದರು. ಟ್ಯಾಂಕಿನಲ್ಲಿ ಪೆಟ್ರೋಲ್ ಇಲ್ಲವೆಂದೆ. ಮುಚ್ಚಳ ತೆಗೆಸಿ ಮೂಸಿ ನೋಡಿದರು. ಹೋಗುವಾಗಲೂ ಬರುವಾಗಲೂ ಒಂದು ಹನಿ ಇದ್ದರೂ ಹತ್ತಿಸುವುದಿಲ್ಲ ಎಂದು ತಾಕೀತು ಮಾಡಿ ಟಿಕೀಟು ಕೊಟ್ಟರು. ಯೇವಲಾ ಊರು ದಾಟುವವರೆಗೆ ಯಂತ್ರದ ಕೊಳವೆ ನಮ್ಮಿಬ್ಬರ ನಡುವೆ ಮೂರನೆಯವರ ಹಾಗೆ ಕೂತಿತ್ತು. ಹಿಂದೆ ವರ್ಗವಾದಾಗಲೆಲ್ಲ ಮಲ್ಲಿಗೆಯ ಡಬ್ಬಿ ಹೀಗೆಯೇ ಬಸ್ಸಿನಲ್ಲಿ ಪ್ರಯಾಣ ಮಾಡಿತ್ತು.

ರುದ್ರಭೂಮಿಯ ಗೇಟಿನಲ್ಲಿ ಸಖಾರಾಮ ಕಾಕಾ ತಮ್ಮ ಮೋಟರ್‌ಸೈಕಲ್ಲಿನಿಂದ ನಳಿಗೆ ಹಾಕಿ, ಬೇಡ ಬೇಡವೆಂದರೂ ಒಂದು ಬಾಟಲಿ ತುಂಬಾ ಪೆಟ್ರೋಲ್ ತೆಗೆದುಕೊಟ್ಟರು. ನಾನು ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಎಣ್ಣೆ ಅಳೆದು ಬೆರೆಸಿದೆ. ಹನಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಮೂರು ಸಲ ಬೆಳಕಿಗೆ ಹಿಡಿದು ನೋಡಿದೆ. ಅಷ್ಟರಲ್ಲಿ ವೀಣಾ ಎದೆಯೆತ್ತರದ ಗಾಜರ ಗವತದ ಮುಂದೆ ನಿಂತು, “ಅಪ್ಪಾ, ಅವ್ವ ಯಾವ ಸೈಡಿಗ್ರೀ?” ಎಂದು ಕೇಳಿದಳು.

ಇನ್ನೊಂದು ಸುಳ್ಳಿಗೆ ನನ್ನಲ್ಲಿ ಶಕ್ತಿ ಇರಲಿಲ್ಲ. “ನನಗ ಗೊತ್ತಿಲ್ಲವ್ವಾ” ಅಂದೆ. “ಹೋದ ವರ್ಷಾನೂ ಗೊತ್ತಿರಲಿಲ್ಲ. ಸುಮ್ನ ಒಂದ್ ಕಡೆ ತೋರಿಸಿದ್ದೆ.”

ಅವಳು ಕೈಯಲ್ಲಿದ್ದ ಹೂವಿನ ಪೊಟ್ಟಣವನ್ನು ಕೆಳಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಓಢಣಿಯನ್ನು ಮೂಗಿಗೆ ಬಿಗಿದು ಕಟ್ಟಿಕೊಂಡು, ನನ್ನ ತೋಳಿನ ಗುಂಡಿ ಹಾಕಿ, “ಚಲಾ, ನೋಡೂಣ್ರಿ” ಅಂದಳು. ಅವಳ ಕನ್ನಡ ಯಾವಾಗಲೂ ಹಾಗೆ, ಅರ್ಧ ದಾರಿ ಮರಾಠಿಯಲ್ಲಿ ನಡೆದು ಬರುತ್ತದೆ.

ಸ್ಟಾರ್ಟರಿನ ಹಗ್ಗ ಜಗ್ಗಿದೆ. ನಾಲ್ಕನೆಯ ಜಗ್ಗಿಗೆ ಇಂಜಿನ್ ಚಾಲೂ ಆಯಿತು. ಗೋಡೆಯಿಂದ ಶುರುಮಾಡಿ ಪಟ್ಟಿ ಪಟ್ಟಿಯಾಗಿ, ಲೆಡ್ಜರಿನ ಸಾಲು ಓದುವಂತೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದೆ. ಮೊದಲ ಪಟ್ಟಿಯಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಯಾರದೋ ಒಡೆದ ಹಣತೆ. ಮೂರನೆಯದರಲ್ಲಿ ಆಪರೇಷನ್ನಿನ ಮೊಣಕಾಲು ನೋಯತೊಡಗಿತು; ವೀಣಾ ಹಿಂದಿನಿಂದ ಯಂತ್ರದ ಹೆಗಲಪಟ್ಟಿ ಹಿಡಿದು ಭಾರ ಎತ್ತಿಕೊಂಡಳು. ಐದನೆಯದರ ನಡುವೆ ಠಣ್ ಅಂತ ಸದ್ದಾಯಿತು. ಕಲ್ಲಿಗೆ ತಾಗಿದ ಸದ್ದಲ್ಲ. ನನ್ನ ಕೈ ಗುಂಡಿಯ ಮೇಲೆ ತಾನಾಗಿಯೇ ಹೋಗಿ ಇಂಜಿನ್ ನಿಂತಿತು.

ಮಗಳು ಕೂತು ಹುಲ್ಲಿನ ಚೂರುಗಳನ್ನು ಸರಿಸಿದಳು. ಮಣ್ಣಿನ ಮಟ್ಟಕ್ಕೆ ತುಕ್ಕು ಹಿಡಿದ ಒಂದು ತಗಡಿನ ಅಂಚು. ಬೆರಳಿನಿಂದ ಕೆದರುತ್ತಾ ಹೋದಳು. ಒಂದು ಮೂಲೆ ಬಂತು, ಇನ್ನೊಂದು ಬಂತು, ನಾಲ್ಕೂ ಬಂದವು. ಚೌಕದೊಳಗೆ ಬ್ಲೇಡು ಮೊಟಕು ಮಾಡಿದ ಕರೀ ಬುಡ. ಬುಡದಿಂದ ಬಿಸಿಲು ಕಾಣದೆ ಬಿಳಿಚಿಕೊಂಡ ನಾಲ್ಕೈದು ಚಿಗುರು. ಮಡಚಬಾರದೆಂದು ಡಾಕ್ಟರು ಹೇಳಿದ್ದ ಮೊಣಕಾಲನ್ನೇ ಮಡಚಿ ಕೂತೇಬಿಟ್ಟೆ. ಗಿಡವನ್ನು ನೆಲಕ್ಕೆ ಬಿಟ್ಟುಕೊಡಲಾರದೆ ಡಬ್ಬಿಯ ಸಮೇತ ಹೂತ ಆ ನನ್ನ ಅಂಜುಬುರುಕ ಬುದ್ಧಿಯನ್ನು ಒಂಬತ್ತು ವರ್ಷ ಬೈದುಕೊಂಡಿದ್ದೆ. ಅದೇ ಡಬ್ಬಿ ಅವಳನ್ನು ಕಾದುಕೊಂಡು ಕೂತಿತ್ತು. ನಾನು ಅತ್ತೆ. ವೀಣಾ ಹೂ ಇಟ್ಟಳು, ಈ ಸಲ ಸರಿಯಾದ ಜಾಗಕ್ಕೆ. ಕಲ್ಲು ಯಾವಾಗ ನಿಲ್ಲಿಸೋಣ ಎಂದು ಅವಳು ಕೇಳಿದಾಗ, ನಾಳೆಯೇ ಎಂದು ನನ್ನ ಬಾಯಿ ಅಂದದ್ದು ನನಗೇ ಹೊಸದಾಗಿ ಕೇಳಿತು. ಸಖಾರಾಮ ಕಾಕಾ ತಾವೇ ಒಂದು ಗೂಟ ತಂದು ಬಡಿದು ಸುಣ್ಣ ಬಳಿದರು.

ಡಬ್ಬಿಯ ಸುತ್ತ ನಾಲ್ಕಡಿ ಹಸನು ಮಾಡಿದ್ದಾಯಿತು. ಹೊರಡೋಣವೆಂದರೆ ಟಾಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲ್ ಉಳಿದಿತ್ತು. ಬಸ್ಸಿನಲ್ಲಿ ಒಯ್ಯುವಂತಿಲ್ಲ. ಎಣ್ಣೆ ಬೆರೆತದ್ದರಿಂದ ಕಾಕಾರ ಮೋಟರ್‌ಸೈಕಲ್ಲಿಗೂ ಆಗದು. ಚೆಲ್ಲಲು ಮನಸ್ಸು ಬಾರದು. “ಬಾಜೂದವ್ರದೂ ಮಾಡೂಣ್ರಿ ಅಪ್ಪಾ, ಸಂಪೇಪರ್ಯಂತ” ಎಂದು, ಅಂದರೆ ಪೆಟ್ರೋಲ್ ಮುಗಿಯುವ ತನಕ ಎಂದು, ಮಗಳು ಯಂತ್ರದ ಹೆಗಲಪಟ್ಟಿಯನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಪಕ್ಕದಲ್ಲಿ ವಿಜಾಪುರ ಕಡೆಯ ಒಬ್ಬ ಹೆಣ್ಣುಮಗಳ ಕಲ್ಲು ಕಂಡಿತು, ಅದರಾಚೆ ಒಂದು ಮಗುವಿನದು, ಅದರಾಚೆ ಹೆಸರೇ ಇಲ್ಲದ ಎರಡು ದಿಬ್ಬ. ವೀಣಾ ಹುಲ್ಲು ತೆಗೆದಂತೆ ನಾನು ಕಲ್ಲು ಒರೆಸಿ ಒಂದೊಂದೇ ಹೆಸರು ಗಟ್ಟಿಯಾಗಿ ಓದುತ್ತಾ ಹೋದೆ. ಒಂಬತ್ತು ವರ್ಷ ಶಾಂತಾಳ ಪಕ್ಕದಲ್ಲಿದ್ದವರ ಹೆಸರು ನನಗೆ ಗೊತ್ತಾದದ್ದು ಅವತ್ತು. ಹೆಸರಿಲ್ಲದ ದಿಬ್ಬಗಳ ತಲೆಗೆ ಕಾಕಾ ಒಂದೊಂದು ಗೂಟ ಬಡಿದರು. ಇಂಜಿನ್ ಕೆಮ್ಮಿ ನಿಂತಾಗ ಎರಡು ಸಾಲು ಸ್ವಚ್ಛವಾಗಿದ್ದವು.

ಮರುದಿನ ಕಲ್ಲಿನ ಕೆಲಸದವನಿಗೆ ಶಾಂತಾಳ ಹೆಸರು ಬರೆದುಕೊಟ್ಟು ನಾಸಿಕಕ್ಕೆ ಬಂದೆವು. ಮುಂದಿನ ವಾರ ನಾಸಿಕ್ ರೋಡಿನ ಅದೇ ಅಂಗಡಿಗೆ ದಾರದ ಸುರುಳಿ ಕೊಳ್ಳಲು ಹೋದೆ. ಅಂಗಡಿಯವನು ಗುರುತು ಹಿಡಿದು ನಕ್ಕ. ಅಷ್ಟು ಸಣ್ಣ ಬಾಗಿಗೆ ಇಡೀ ಸುರುಳಿ ಹೇಗೆ ಖಾಲಿಯಾಯಿತು, ಜಾಗ ನಿಜವಾಗಿ ಎಷ್ಟಿದೆ ಕಾಕಾ, ಎಂದು ಕೇಳಿದ. ಹಿಂದೆ ಅಂದಿನಂತೆಯೇ ನಾಲ್ಕು ಜನ ಕಾಯುತ್ತಿದ್ದರು. ನಾನು ಸುಳ್ಳು ಹೇಳಲಿಲ್ಲ.

“ನಮ್ಮ ಮನೆಯವರದು ನಾಲ್ಕೇ ಅಡಿ, ಶೇಠ್” ಅಂದೆ. “ಆದರೆ ಅವರ ನೆರೆಹೊರೆ ದೊಡ್ಡದು.”