ನನಗೂ ತೆರೆಯಲಾಗದ ಬೀಗ

ಆಪ್ ಬಿಡುಗಡೆ ಮಾಡಿದವರು ತಾವು ಕಲಿತ ಪಾಠಗಳನ್ನು ಬರೆಯುವ ಒಂದು ರೂಢಿ ಇದೆ. ನೀವೂ ಬರೀರಿ ಎಂದು ನನಗೂ ಯಾರೋ ಹೇಳಿದರು. ನಾನು ಕಲಿತದ್ದನ್ನು ಕೇಳಿದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಬಿಡಿ.

ಬಳ್ಳಾರಿಯ ಕಂಟೋನ್ಮೆಂಟಿನ ಬಾಡಿಗೆ ಮನೆಯಲ್ಲಿ, ಬಿಸಿಲಿಗೂ ಕರೆಂಟಿಗೂ ಬೈಯುತ್ತಾ, ಒಬ್ಬಳೇ ಕೂತು ನನ್ನ ಆಪ್ ಮಾಡಿದೆ. ಹೆಂಗಸರು ಮುಟ್ಟಿನ ತಾರೀಕು, ಹೊಟ್ಟೆನೋವು, ನುಂಗಿದ ಮಾತ್ರೆ ಬರೆದಿಟ್ಟುಕೊಳ್ಳುವ ಆಪ್. ಅಂಥವು ಬೇಕಾದಷ್ಟಿವೆ. ಆದರೆ ಎಷ್ಟೋ ಆಪ್‌ಗಳಲ್ಲಿ ಬರೆದದ್ದು ಯಾವುದೋ ದೇಶದ ಕಂಪನಿಯ ಕಂಪ್ಯೂಟರಿಗೆ ಹೋಗಿ ಕೂರುತ್ತದೆ. ನನ್ನದರಲ್ಲಿ ಒಂದಕ್ಷರವೂ ಫೋನ್ ಬಿಟ್ಟು ಆಚೆ ಹೋಗುವುದಿಲ್ಲ. ಹೆಸರು ಕೇಳುವುದಿಲ್ಲ, ನಂಬರು ಕೇಳುವುದಿಲ್ಲ. ತೆರೆಯಲು ಅದಕ್ಕೇ ಬೇರೆ ಪಿನ್. ಮೇಲಿಂದ ಮೇಲೆ ತಪ್ಪು ಪಿನ್ ಒತ್ತಿದರೆ ಒಳಗಿರುವುದೆಲ್ಲ ತಾನಾಗಿಯೇ ಅಳಿಸಿಹೋಗುತ್ತದೆ. ‘ಇದನ್ನು ಮಾಡಿದ ನಾನೂ ತೆರೆಯಲಾರೆ’ ಎಂದು ಮೊದಲ ಪುಟದಲ್ಲೇ ಜಂಬದಿಂದ ಬರೆದುಕೊಂಡಿದ್ದೆ.

ಎಲ್ಲರಿಗಿಂತ ಮೊದಲು ಅದನ್ನು ಹಾಕಿಕೊಂಡವಳು ನನ್ನ ಚಿಕ್ಕಮ್ಮನ ಮಗಳು. ಕುರುಗೋಡಿನ ಹುಡುಗಿ, ಸಿರುಗುಪ್ಪಕ್ಕೆ ಕೊಟ್ಟಿದ್ದರು. ಗಂಡ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತ, ಒಂದು ಪುಟ್ಟ ಮಗು. ಅವಳು ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದಳು. ಪಾಠ, ಪ್ರಶ್ನೆಪತ್ರಿಕೆ ಎಲ್ಲ ಆ ಫೋನಿನಲ್ಲೇ. ಪಾಸಾದರೆ ಕೆಲಸಕ್ಕೆ ಹೋಗಲು ಗಂಡ ಒಪ್ಪಿದ್ದ. ಅತ್ತೆಯೂ ಅರ್ಧ ಮನಸ್ಸಿನಿಂದ ಹೂಂ ಅಂದಿದ್ದರು.

“ಪಿನ್ ಯಾರಿಗೂ ಹೇಳಬ್ಯಾಡ. ನನಗೂ ಹೇಳಬ್ಯಾಡ” ಎಂದೆ.

“ಆತಕ್ಕಾ. ನಂದು ಅಂತ ಇದೊಂದರ ಇರಲಿ” ಎಂದು ನಕ್ಕಳು.

ಅವಳ ಗಂಡನ ಮನೆಯಲ್ಲಿ ಎಲ್ಲರ ಫೋನಿಗೂ ಒಂದೇ ಪಿನ್. ತೀರಿಕೊಂಡ ಮಾವನವರ ಸ್ಕೂಟರಿನ ನಂಬರು! ಯಾರ ಫೋನ್ ರಿಂಗಾದರೂ ಹತ್ತಿರವಿದ್ದವರು ಎತ್ತುತ್ತಾರೆ. ಅದರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ಕುರುಗೋಡಿನಲ್ಲಿ ನಾವು ಬೆಳೆದದ್ದೂ ಹೀಗೇ. ಪರದೇಶದ ಕಂಪನಿಗಳಿಗೆ ಹೆದರಿ ಬೀಗ ಮಾಡಿದ ನಾನು, ಎಲ್ಲರ ಫೋನೂ ಎಲ್ಲರ ಕೈಗೆ ಸಿಗುವ ಈ ಪಡಸಾಲೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಒಂದು ದಿನ ಅವಳು ಹೊರಗಾಗಿದ್ದಳು. ಅದು ಮಡಿಯ ಮನೆ. ಮುಟ್ಟಾದ ಹೆಂಗಸು ಹಿತ್ತಲ ಕಡೆಯ ಕೋಣೆಯಲ್ಲೇ ಕೂರಬೇಕು. ಫೋನ್ ಒಳಗೆ ಚಾರ್ಜಿಗಿತ್ತು. ಗ್ಯಾಸ್ ಸಿಲಿಂಡರಿನ ಓಟಿಪಿ ನೋಡಲು ಗಂಡ ಫೋನ್ ತೆಗೆದಾಗ ನನ್ನ ಆಪ್ ಕಣ್ಣಿಗೆ ಬಿತ್ತು. ಸ್ಕೂಟರಿನ ನಂಬರು ಒತ್ತಿದ. ತೆರೆಯಲಿಲ್ಲ.

“ಏನಿದು?” ಎಂದು ಕೂಗಿ ಕೇಳಿದ.

“ಅದು ನಂದ್ರೀ. ಕೊಡ್ರಿ, ನಾ ತಗದು ತೋರಸ್ತೀನಿ” ಎಂದು ಅವಳು ಎದ್ದಳಂತೆ.

“ಒಳಗ ಬರಬ್ಯಾಡ, ಮೈಲಿಗಿ! ಅಲ್ಲೇ ಕುಂತು ನಂಬರ್ ಹೇಳು” ಎಂದರು ಅತ್ತೆ.

ಅವಳು ಹೇಳಲಿಲ್ಲ. ಯಾರಿಗೂ ಹೇಳಬೇಡ ಎಂದು ಅಕ್ಕ ಹೇಳಿದ್ದಳಲ್ಲ! ಅಮ್ಮ, ಮಗ ಸೇರಿ ಮದುವೆಯ ತಾರೀಕು ಒತ್ತಿದರು, ಮಗು ಹುಟ್ಟಿದ ತಾರೀಕು ಒತ್ತಿದರು, ಸಿಟ್ಟಿಗೆ ಬಾಯಿಗೆ ಬಂದದ್ದೆಲ್ಲ ಒತ್ತಿದರು. ಆಪ್ ನಾನು ಕಲಿಸಿದಂತೆಯೇ ನಡೆದುಕೊಂಡಿತು. ಎಲ್ಲ ಅಳಿಸಿ, ಖಾಲಿ ಪುಟ ತೋರಿಸಿತು.

ಮರುದಿನವೇ ನನ್ನನ್ನು ಕರೆಸಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಧೈರ್ಯವಾಗಿಯೇ ಇದ್ದೆ. ಬಿಡಿಸಿ ಹೇಳಿದರೆ ತಿಳಿಯದಷ್ಟು ದಡ್ಡರೇ ಎಂದುಕೊಂಡಿದ್ದೆ.

“ಅಕ್ಕಾರ, ಅದರಾಗ ಏನಿತ್ತು, ತಗದು ತೋರಿಸ್ರಿ. ನಮಗೂ ಸಮಾಧಾನ ಆಗ್ತೈತಿ” ಎಂದ ಗಂಡ. ದನಿ ಎತ್ತರಿಸಲೂ ಇಲ್ಲ.

“ಹೋದದ್ದು ಹೋತು. ನನ್ನ ಹತ್ರಾನೂ ಏನೂ ಇರಂಗಿಲ್ಲ” ಎಂದೆ.

“ಬೀಗ ಮಾಡಿದಾಕಿ ಹತ್ರ ಕೀಲಿ ಇಲ್ಲ ಅಂದ್ರ ಯಾರ ಕಿವಿಗೆ ಹೂವು ಇಡಾಕ ಬಂದೀಯವ್ವಾ?” ಎಂದರು ಅತ್ತೆ. “ಕುಂಬಳಕಾಯಿ ಕಳ್ಳ ಅಂದ್ರ ಇಕಿ ಹೆಗಲ್ಯಾಕ ಮುಟ್ಟಿ ನೋಡ್ಕೋಬೇಕು? ನಂಬರ್ ಹೇಳಿದ್ರ ಮುಗೀತಿತ್ತಲ್ಲ!”

ಸರ್ವರ್ ಎಂದೆ, ಗೂಢಲಿಪಿ ಎಂದೆ, ಖಾಸಗಿತನ ಎಂದೆ. ಮಾತಾಡಿದಷ್ಟೂ ನಾನೂ ಅವಳೂ ಸೇರಿ ಏನೋ ಮುಚ್ಚಿಡುತ್ತಿದ್ದೇವೆ ಎಂದೇ ಅವರಿಗೆ ಕಂಡಿರಬೇಕು. ಹಿತ್ತಲ ಬಾಗಿಲಲ್ಲಿ ಅವಳು ಹೊಸ್ತಿಲ ಆಚೆ ನಿಂತು ನನ್ನನ್ನೇ ನೋಡುತ್ತಿದ್ದಳು. ಒಳಗೆ ಬಂದು ತನ್ನ ಪರ ಒಂದು ಮಾತಾಡುವ ಹಾಗೂ ಇರಲಿಲ್ಲ.

ಫೋನ್ ಬೀರುವಿಗೆ ಹೋಯಿತು. ಅವಳ ಕೈಗೆ ಒತ್ತುವ ಗುಂಡಿಗಳ ಹಳೇ ಫೋನ್ ಬಂತು. ಪಾಠ ನಿಂತಿತು. ಪರೀಕ್ಷೆಗೆ ಬಳ್ಳಾರಿಗೆ ಕಳಿಸಲಿಲ್ಲ. ಅದೇ ವಾರ ಯಾರೋ ಒಬ್ಬರು ಆಪ್‌ಗೆ ಐದು ನಕ್ಷತ್ರ ಕೊಟ್ಟು, ‘ಎಷ್ಟೇ ಪ್ರಯತ್ನಿಸಿದರೂ ಬೇರೆಯವರಿಗೆ ತೆರೆಯಲಾಗುವುದಿಲ್ಲ, ತುಂಬಾ ಸುರಕ್ಷಿತ’ ಎಂದು ಬರೆದರು. ಸುರಕ್ಷಿತವಂತೆ, ಸುಡುಗಾಡು! ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು.

ಬೇಸಿಗೆಯಲ್ಲಿ ಅವಳು ತವರಿಗೆ ಬಂದಾಗ ಕುರುಗೋಡಿಗೆ ಹೋದೆ. ಚಿಕ್ಕಮ್ಮನ ಮನೆಯ ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ.

“ಏನಿತ್ತು ಅದರಾಗ?” ಎಂದು ಕೇಳಿಯೇಬಿಟ್ಟೆ.

“ತಾರೀಕು, ಅಷ್ಟೇ ಅಕ್ಕಾ. ನಾ ಹೊರಗ ಕುಂತಾಗ ಹಾಲಿನಾಕಿಗೂ ಗೊತ್ತಾಗ್ತೈತಿ. ಓಣಿಗೆಲ್ಲ ಗೊತ್ತಿರೋದು.”

ಇಡೀ ಓಣಿಗೆ ತಿಳಿದಿದ್ದನ್ನು ಕಾಯಲು ನಾನು ಅಷ್ಟು ಗಟ್ಟಿ ಬೀಗ ಮಾಡಿದ್ದೆ.

“ಅವರು ನಂಬಲಿಲ್ಲ, ಹೋಗಲಿ” ಎಂದಳು. “ನೀನರ ನಂಬ್ತೀ ಹೌದಿಲ್ಲ?”

ಆ ಆಪ್‌ನ ಒಳಗೆ ಏನಿತ್ತೆಂದು ನಾನೂ ನೋಡಿರಲಿಲ್ಲ. ನೋಡಲಾಗದ ಹಾಗೆ ಮಾಡಿದವಳೇ ನಾನು.

“ನಂಬ್ತೀನವ್ವಾ” ಎಂದೆ. ಆದರೆ ಅನ್ನುವಷ್ಟರಲ್ಲಿ ಸ್ವಲ್ಪ ತಡವಾಗಿತ್ತು. ಅವಳು ನನ್ನ ಮುಖದಿಂದ ಕಣ್ಣು ತೆಗೆದು, ಮತ್ತೊಂದು ಹುಣಸೆಹಣ್ಣು ಕೈಗೆತ್ತಿಕೊಂಡಳು.