ಮಾರ್ವಾ ಮನೆ ಮೂಲೆಯ ಹಾವು

ಬಾರ್ಬಡೋಸ್‌ನ ಮಾರ್ವಾ ಗಿಟ್ಟೆನ್ಸ್‌ಗೆ ಮನೆ ಇತ್ತು, ನೆಲ ಇರಲಿಲ್ಲ. ಕಬ್ಬಿನ ತೋಟದವರ ಜಾಗದಲ್ಲಿ ಬಿಡಿಗಲ್ಲುಗಳ ಮೇಲೆ ಕೂತ ಮರದ ಮನೆ. ಅವರು ‘ಏಳು’ ಅಂದರೆ ಹಲಗೆ ಬಿಚ್ಚಿ ಲಾರಿಗೆ ಹೇರಬೇಕು. ಚಿಕ್ಕಂದಿನಿಂದ ಎಷ್ಟು ಸಲ ಎಬ್ಬಿಸಿದ್ದರೋ! ಮೀನಿನ ಬೋಂಡ ಕರಿದು ಮಾರಿ, ಕೊನೆಗೂ ಗುಡ್ಡದ ಮೇಲೆ ಅಂಗೈಯಗಲ ಜಾಗ ತನ್ನ ಹೆಸರಿಗೆ ಮಾಡಿಕೊಂಡಳು. ಅಬ್ಬಾ, ಅವಳ ಜಂಬ ನೋಡಬೇಕಿತ್ತು!

ಭಾನುವಾರ ಊರ ಗಂಡಸರೆಲ್ಲ ಸೇರಿ ಮನೆ ಬಿಚ್ಚಿ ತಂದರು. ಇಂಥ ಕೆಲಸಕ್ಕೆ ಕೂಲಿಯಿಲ್ಲ. ಹೊಟ್ಟೆತುಂಬ ಊಟ, ಮೇಲಿಷ್ಟು ರಮ್ಮು. ಕಡಲ ಕಡೆ ಮೋಡ ಕಟ್ಟಿತ್ತು. ಮಳೆಗೆ ಮುಂಚೆ ಸೂರು ಏರದಿದ್ದರೆ ಹಾಸಿಗೆ, ಬಟ್ಟೆ ಎಲ್ಲ ತೊಯ್ದು ತೊಪ್ಪೆಯಾಗುವುದು ಖಂಡಿತ.

ಮೂರು ಮೂಲೆಗೆ ಕಲ್ಲು ಕೂರಿಸಿ ಆಗಿತ್ತು. ನಾಲ್ಕನೆಯ ಮೂಲೆಯಲ್ಲಿ ಹೂತಿದ್ದ ಚಪ್ಪಡಿಯೊಂದನ್ನು ಬಡಗಿ ಎಲ್ರಿಕ್ ಎಬ್ಬಿಸಿದ. ಅಡಿಯಲ್ಲಿ ಏನೋ ಕಪ್ಪಗೆ ಹೊಳೆಯಿತು.

“ಎರೆಹುಳ! ಕೋಳಿಗಾಯ್ತು,” ಎಂದು ಮಾರ್ವಾ ಎತ್ತಿಕೊಂಡಳು. ಅಂಗೈಯಲ್ಲಿ ಅದು ಪುಟ್ಟ ನಾಲಿಗೆ ಚಾಚಿತು. “ಲೋ ಎಲ್ರಿಕ್, ಹುಳಕ್ಕೆ ನಾಲಿಗೆ ಇರುತ್ತೇನೋ?”

“ಅಯ್ಯಯ್ಯೋ ಹಾವು! ಬಿಸಾಕು ಆಂಟಿ!” ಎಲ್ರಿಕ್ ಒಂದೇ ನೆಗೆತಕ್ಕೆ ಲಾರಿ ಮೇಲಿದ್ದ.

“ಶ್ಯಾವಿಗೆ ಎಳೆಯಷ್ಟಿದೆ, ಕಣ್ಣೂ ಕಾಣಲ್ಲ ಪಾಪ. ಕೋಣದಂಥ ಮೈ ಇಟ್ಕೊಂಡು ಇದಕ್ಕೆ ಹೆದರ್ತೀಯಾ?”

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಚಪ್ಪಡಿಯಡಿಯ ಹಸಿಮಣ್ಣಿನಲ್ಲಿ ಅಕ್ಕಿಕಾಳಿನಂಥ ಒಂಟಿ ಮೊಟ್ಟೆಯೂ ಇತ್ತು. ಮಾರ್ವಾ ಹಾವನ್ನು ಅದರ ಪಕ್ಕಕ್ಕೇ ಬಿಟ್ಟು, ಚಪ್ಪಡಿಯನ್ನು ಮೊದಲಿನಂತೆ ಮೆಲ್ಲಗೆ ಮುಚ್ಚಿದಳು.

“ಮನೆ ಆಚೆ ಸರಿಸ್ರೋ.”

“ತಲೆ ಕೆಟ್ಟಿದೆಯಾ ಆಂಟಿ? ಎಲ್ಲಾ ಕಲ್ಲೂ ಕೀಳ್ಬೇಕು! ಮಳೆ ಬಂತು, ನೆನೆದು ಹೋಗ್ತೀಯ!”

“ನೆನೀತೀನಿ ಬಿಡು. ಏಳು, ಆಚೆ ಹೋಗು ಅನ್ನಿಸ್ಕೊಂಡೇ ಮುದುಕಿ ಆದೆ. ಸ್ವಂತ ನೆಲಕ್ಕೆ ಕಾಲಿಟ್ಟ ದಿನವೇ ನಾನೂ ಇನ್ನೊಬ್ಬರನ್ನ ಎಬ್ಬಿಸ್ಲಾ?”

ಎಲ್ರಿಕ್ ಗೊಣಗುತ್ತಲೇ ಇಳಿದು ಬಂದು ಮೊದಲ ಕಲ್ಲು ಕಿತ್ತ. ನಾಲ್ಕು ಹೆಜ್ಜೆ ಆಚೆ ಮನೆ ಎದ್ದು, ಸೂರಿಗೆ ಇನ್ನೊಂದೇ ತಗಡು ಬಾಕಿಯಿದ್ದಾಗ ಮಳೆ ಧೋ ಎಂದು ಸುರಿಯಿತು. ಹಾಸಿಗೆ ಅರ್ಧ ನೆನೆದೇ ಹೋಯಿತು.

ಕೊನೆಯ ತಗಡನ್ನೂ ಬಡಿದು ಎಲ್ಲರೂ ಒಳಗೆ ಒತ್ತಿಕೊಂಡು ಕೂತರು. ಸುಟ್ಟ ದೀವಿ ಹಲಸು, ಹುರಿದ ಮೀನು, ಕೀಟಲೆ. ಎಲ್ರಿಕ್ ಬಾಯಿತುಂಬ ತುಂಬಿಕೊಂಡೇ ಕೇಳಿದ:

“ಏನಮ್ಮಾ ನೆಲದ ಯಜಮಾನೀ, ಹಾವಿಗೆ ಬಾಡಿಗೆ ಎಷ್ಟು?”

ಬಡಿಸುತ್ತಿದ್ದ ಮಾರ್ವಾಳ ಕೈ ನಿಂತಿತು. ಖುಷಿಗೆ ಅವಳ ಕಣ್ಣು ತುಂಬಿ ಬಂದಿತ್ತು.

“ಏನಂತ ಕರೆದ್ಯೋ? ಇನ್ನೊಂದ್ಸಲ ಕರಿ.”